ತಿರುವಿನಲ್ಲಿ ಕಾರು ಸದ್ದು ಮಾಡಿದರೆ: ಕಾರಣ, ಪರೀಕ್ಷೆ, ಪರಿಹಾರ

ಮುಂಬಯಿಯಿಂದ ಮಂಗಳೂರಿಗೆ ಕಾರಿನಲ್ಲಿ ಹೋಗುವುದೆಂದರೆ ಸುಮಾರು 900 ಕಿಲೋಮೀಟರಿನ ಪಯಣ. ಗಣೇಶ ಚತುರ್ಥಿಯ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ದಾರಿಯಲ್ಲಿ ಹೊಂಡಗಳು, ಕೊಂಕಣದ ಘಟ್ಟಗಳಲ್ಲಿ ಎಡೆಬಿಡದ ತಿರುವುಗಳು. ಹಬ್ಬ ಮುಗಿಸಿ ಮರಳಿದವರು ತಮ್ಮ ಕಟ್ಟಡದ ಆವರಣದಲ್ಲಿ ಕಾರನ್ನು ತಿರುಗಿಸುವಾಗ ಮುಂದಿನ ಚಕ್ರದ ಬಳಿ ಹಿಂದೆಂದೂ ಇಲ್ಲದ ಸದ್ದೊಂದನ್ನು ಕೇಳುವುದುಂಟು. ಇಂತಹ ಸದ್ದುಗಳಲ್ಲಿ ಕೆಲವು ಕೆಲ ದಿನ ಕಾಯಬಲ್ಲವು. ಕೆಲವನ್ನು ಒಂದು ದಿನವೂ ಅಲಕ್ಷಿಸಬಾರದು. ಇವೆರಡರ ವ್ಯತ್ಯಾಸವನ್ನು ಅರಿತಿರುವುದು ಜೀವಕ್ಕೂ ಜೇಬಿಗೂ ಹಿತಕರ.

ರಚನೆ

ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರಿನ ಸ್ಟ್ರಟ್ ವ್ಯವಸ್ಥೆ. 1983ರಲ್ಲಿ ನಮ್ಮ ರಸ್ತೆಗಿಳಿದ ಮಾರುತಿ 800 ಕೂಡ ಇದನ್ನೇ ಹೊಂದಿತ್ತು. ಇದರಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಂತೆ ಕೂಡಿಕೊಂಡಿರುತ್ತವೆ. ಸ್ಟಿಯರಿಂಗ್ ತಿರುಗಿಸಿದಾಗ ಈ ಕಂಬವೇ ತಿರುಗುತ್ತದೆ. ಕಂಬದ ತಲೆಯಲ್ಲಿ ಬೇರಿಂಗ್ ಸಹಿತವಾದ ಮೌಂಟ್, ಕೆಳಗೆ ಲೋವರ್ ಆರ್ಮ್‌ನ ತುದಿಗೆ ಬಾಲ್ ಜಾಯಿಂಟ್, ಚಕ್ರವನ್ನು ತಿರುಗಿಸಲು ಟೈ ರಾಡ್, ಎಂಜಿನಿನ ಶಕ್ತಿಯನ್ನು ತರಲು ಆಕ್ಸಲ್ ಇರುತ್ತವೆ. ತಿರುವಿನ ಸದ್ದು ಸಾಮಾನ್ಯವಾಗಿ ಇವುಗಳಲ್ಲೊಂದರಿಂದ ಹೊರಡುತ್ತದೆ.

ಮೊದಲು ಸುಲಭವಾದುದನ್ನು ನೋಡಿ

ಡಿಕ್ಕಿಯಲ್ಲಿ ಜಾಕ್ ಅಥವಾ ಸ್ಟೆಪ್ನಿ ಸಡಿಲಗೊಂಡಿದೆಯೇ, ಚಕ್ರದ ನಟ್‌ಗಳು ಬಿಗಿಯಾಗಿವೆಯೇ, ಚಕ್ರದ ಮೇಲ್ಭಾಗದ ಪ್ಲಾಸ್ಟಿಕ್ ಹೊದಿಕೆ ಟೈರಿಗೆ ಉಜ್ಜುತ್ತಿದೆಯೇ ಎಂದು ಪರಿಶೀಲಿಸಿ. ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಇರುವ ಕಾರು ಪೂರ್ತಿ ತಿರುಗಿಸಿದಾಗ ನರಳಿದಂತೆ ಸದ್ದು ಮಾಡಿದರೆ ಅದರ ಎಣ್ಣೆಯ ಮಟ್ಟ ನೋಡಬೇಕು.

ಸದ್ದಿನಿಂದ ದೋಷದ ಗುರುತು

1. ಚಕ್ರದ ವೇಗಕ್ಕೆ ತಕ್ಕಂತೆ 'ಟಕ್ ಟಕ್ ಟಕ್': ಆಕ್ಸಲ್‌ನ ಹೊರತುದಿಯ ಸಿ.ವಿ. ಜಾಯಿಂಟ್ ಸವೆದಿರಬಹುದು. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಸುತ್ತು ಹಾಕಿದರೆ ಸದ್ದು ಸ್ಪಷ್ಟವಾಗುತ್ತದೆ. ಚಕ್ರದ ಒಳಮೈಗೆ ಗ್ರೀಸ್ ಸಿಡಿದಿದ್ದರೆ ಜಾಯಿಂಟಿನ ರಬ್ಬರ್ ಬೂಟ್ ಹರಿದಿದೆ ಎಂದರ್ಥ. ಸದ್ದು ಆರಂಭವಾಗುವ ಮೊದಲೇ ಹರಿದ ಬೂಟನ್ನು ಬದಲಿಸಿ ಹೊಸ ಗ್ರೀಸ್ ತುಂಬಿದರೆ ದುಬಾರಿ ಜಾಯಿಂಟ್ ಉಳಿಯುತ್ತದೆ.

2. ನಿಂತಲ್ಲೇ ತಿರುಗಿಸಿದಾಗ ಸ್ಪ್ರಿಂಗ್ ನೆಗೆದಂತೆ 'ಟಣ್': ಸ್ಟ್ರಟ್ ಮೌಂಟ್‌ನ ಬೇರಿಂಗ್ ಬಿಗಿದುಕೊಂಡಿದೆ. ಬಾನೆಟ್ ತೆರೆದು ಮೌಂಟ್‌ನ ಮೇಲೆ ಅಂಗೈ ಇಟ್ಟುಕೊಂಡು, ಇನ್ನೊಬ್ಬರಿಂದ ಸ್ಟಿಯರಿಂಗ್ ತಿರುಗಿಸಿದರೆ ಆ ನೆಗೆತ ಕೈಗೇ ತಿಳಿಯುತ್ತದೆ.

3. ತಿರುವಿನಲ್ಲಿ ಒಂದು ಚಕ್ರ ಹೊಂಡಕ್ಕಿಳಿದಾಗ 'ಕಟ ಕಟ': ಸ್ಟೆಬಿಲೈಸರ್ ಬಾರ್‌ನ ಲಿಂಕ್ ರಾಡ್ ಅಥವಾ ಬುಷ್ ಸಡಿಲವಾಗಿರಬಹುದು. ಇದು ಅಗ್ಗದ ದುರಸ್ತಿ. ಈ ಲೇಖಕನ ಕಾರಿನಲ್ಲೇ ಇಂತಹ ಸದ್ದಿಗೆ ಗ್ಯಾರೇಜೊಂದು ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಬೇಕೆಂದಿತ್ತು. ಬೇರೆಡೆ ತೋರಿಸಿದಾಗ ಒಂದು ಲಿಂಕ್ ರಾಡ್ ಬದಲಿಸಿದೊಡನೆ ಸದ್ದು ನಿಂತಿತು.

4. 'ಕೀರ್' ಎಂಬ ಸದ್ದು: ಒಣಗಿದ ರಬ್ಬರ್ ಬುಷ್ ಅಥವಾ ಗ್ರೀಸ್ ಆರಿದ ಬಾಲ್ ಜಾಯಿಂಟ್. ಬುಷ್‌ಗೆ ಎಂಜಿನ್ ಎಣ್ಣೆ ಸವರಬಾರದು; ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

5. ವೇಗದೊಂದಿಗೆ ಏರುವ 'ಗುಂಯ್': ಚಕ್ರದ ಬೇರಿಂಗ್. ಬಲಕ್ಕೆ ತಿರುಗುವಾಗ ಭಾರವು ಎಡ ಚಕ್ರದ ಮೇಲೆ ಬೀಳುವುದರಿಂದ, ಆಗ ಸದ್ದು ಹೆಚ್ಚಿದರೆ ಎಡಗಡೆಯ ಬೇರಿಂಗನ್ನು ಶಂಕಿಸಬೇಕು.

ಅಲಕ್ಷಿಸಬಾರದ ಎರಡು

ತಿರುಗಿಸುವಾಗ ಅಥವಾ ಬ್ರೇಕ್ ಒತ್ತಿದಾಗ 'ಧಡ್' ಎಂಬ ಭಾರವಾದ ಸದ್ದು, ಜೊತೆಗೆ ಕಾರು ಒಂದು ಪಕ್ಕಕ್ಕೆ ಅಲೆಯುವುದು, ಸ್ಟಿಯರಿಂಗ್‌ನಲ್ಲಿ ಸಡಿಲತೆ ಕಂಡುಬಂದರೆ ಬಾಲ್ ಜಾಯಿಂಟ್ ಇಲ್ಲವೇ ಟೈ ರಾಡ್ ಎಂಡ್ ಸವೆದಿರುವ ಸಾಧ್ಯತೆ ಇದೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳಬಹುದು. ಟೈ ರಾಡ್ ಕಳಚಿದರೆ ಆ ಚಕ್ರವು ಸ್ಟಿಯರಿಂಗ್‌ನ ಮಾತು ಕೇಳದು. ಘಟ್ಟದ ತಿರುವಿನಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಪರೀಕ್ಷೆಗೆ ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂದಿನ ಚಕ್ರವನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಬರಿಯ ಜಾಕ್ ನಂಬಿ ಕಾರಿನಡಿ ತೂರಬಾರದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡಬಲ ಹಿಡಿದು ಅಲುಗಿಸಿದಾಗ ಸಡಿಲವಿದ್ದರೆ ಟೈ ರಾಡ್ ಕಡೆಗೆ ಗಮನ ಹರಿಸಬೇಕು. ಸಡಿಲತೆ ಖಚಿತವಾದರೆ ಕಾರನ್ನು ಓಡಿಸದೆ ಮೆಕ್ಯಾನಿಕನನ್ನೇ ಕರೆಸುವುದು ಲೇಸು.

ದುರಸ್ತಿಯ ಬಳಿಕ

ಸ್ಟ್ರಟ್‌ನ ಸ್ಪ್ರಿಂಗ್ ಭಾರೀ ಒತ್ತಡದಲ್ಲಿರುತ್ತದೆ. ಸೂಕ್ತ ಸಲಕರಣೆಯಿಲ್ಲದೆ ಅದನ್ನು ಬಿಚ್ಚುವುದು ಪ್ರಾಣಾಪಾಯಕರ. ಆ ಕೆಲಸ ಗ್ಯಾರೇಜಿಗೇ ಇರಲಿ. ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಟೈ ರಾಡ್ ಅಥವಾ ಸ್ಟ್ರಟ್ ಬಿಚ್ಚಿದ ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರುಗಳು ಅಕಾಲದಲ್ಲಿ ಸವೆಯುತ್ತವೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆದು ನೋಡಿರಿ. ಅದು ಬಳಕೆದಾರನ ಹಕ್ಕು.

ಊರಿಗೆ ಹೊರಡುವ ಮುನ್ನ ಹತ್ತು ನಿಮಿಷ ಬಿಡುವು ಮಾಡಿಕೊಂಡು, ಸಂಗೀತ ನಿಲ್ಲಿಸಿ, ಕಿಟಕಿ ಇಳಿಸಿ, ಕಾರನ್ನು ಎರಡೂ ಕಡೆಗೆ ಒಮ್ಮೆ ತಿರುಗಿಸಿ ಕಿವಿಗೊಡಿ. ತೊಂದರೆಯ ಸುಳಿವು ದಾರಿಯಲ್ಲಿ ಸಿಗುವುದಕ್ಕಿಂತ ಮನೆಯಂಗಳದಲ್ಲೇ ಸಿಗುವುದು ಮೇಲು.