ನೆಗಡಿಗೆ ಉಳಿದ ಮೆಣಸು

ನೆಗಡಿಯಾದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಮನೆಗಳಲ್ಲಿ ಮುದ್ದೆಗೆ ಬಿಸಿ ಹುರುಳಿಸಾರು, ಕುಡಿಯಲು ಶುಂಠಿ, ಮೆಣಸು, ಬೆಲ್ಲದ ಕಷಾಯ. ತುಳಸಿ, ದೊಡ್ಡಪತ್ರೆ ಹಿತ್ತಲಲ್ಲೇ ಸಿಗುತ್ತವೆ. ಮೆಣಸು ಮಾತ್ರ ಈ ರಾಗಿಸೀಮೆಯದಲ್ಲ. ಅದು ಪಶ್ಚಿಮಘಟ್ಟದ ಮಳೆಯ ನೆಲದ ಬಳ್ಳಿ.

ಒಂದು ಕಾಲಕ್ಕೆ ಅಡುಗೆಗೆ ಮುಖ್ಯವಾಗಿ ಖಾರ ಕೊಡುತ್ತಿದ್ದುದೂ ಈ ಮೆಣಸೇ. 1498ರಲ್ಲಿ ವಾಸ್ಕೋ ಡ ಗಾಮನನ್ನು ಕಲ್ಲಿಕೋಟೆಗೆ ಎಳೆತಂದದ್ದು ಇಂಥ ಸಂಬಾರಗಳ ಆಸೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಅಮೆರಿಕ ಮೂಲದ ಹೊಸ ಖಾರವನ್ನು ಇಲ್ಲಿಗೆ ತಂದವರೂ ಅವರೇ. ಕನ್ನಡಿಗರು ಅದಕ್ಕೆ ಹಳೆಯ ಹೆಸರನ್ನೇ ಹಚ್ಚಿ ‘ಮೆಣಸಿನಕಾಯಿ’ ಎಂದರು. ಬಯಲಿನಲ್ಲೂ ಬೆಳೆಯುವ ಈ ಕಾಯಿ ಕ್ರಮೇಣ ನಿತ್ಯದ ಸಾರನ್ನು ಹಿಡಿಯಿತು. ಮೆಣಸು ಕಷಾಯಕ್ಕೂ ಬಾಣಂತಿಯ ಪಥ್ಯಕ್ಕೂ ಉಳಿಯಿತು. ಹಲವು ಮನೆಗಳಲ್ಲಿ ಶ್ರಾದ್ಧದ ಅಡುಗೆಗೂ ಅದೇ ಬೇಕು.

ನೆಗಡಿಗೆ ಕಾರಣ ವೈರಸ್. ಕಷಾಯ ಅದನ್ನು ಕೊಲ್ಲದು. ಆ್ಯಂಟಿಬಯೊಟಿಕ್ ಮಾತ್ರೆಯೂ ಕೊಲ್ಲದು. ರೋಗ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಅಲ್ಲಿಯವರೆಗೆ ಬಿಸಿ ಕಷಾಯ ಗಂಟಲಿಗೆ ಹಿತ. ಮೆಣಸಿನ ಘಾಟು ಕಟ್ಟಿದ ಮೂಗನ್ನು ತುಸು ಸಡಿಲಿಸುತ್ತದೆ. ಕೆಮ್ಮಿಗೆ ಜೇನು ಒಳ್ಳೆಯದೇ, ಆದರೆ ವರ್ಷ ತುಂಬದ ಕೂಸಿಗೆ ಕೊಡಬಾರದು. ಉಸಿರಾಟ ಕಷ್ಟವಾದರೆ ಕಷಾಯ ಕಾಯಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು.