ಪುಸ್ತಕದೊಳಗಿನ ಪುಸ್ತಕ: ಕಳಲೆಯ ನಾಟಕ, ತಲಕಾಡಿನ ಹಾಡು

ಕತೆಯೊಂದನ್ನು ಓದುತ್ತಿರುವಾಗ ಅದರೊಳಗಿನ ಪಾತ್ರವೊಂದು ಮತ್ತೊಂದು ಪುಸ್ತಕ ಹಿಡಿದು ಕುಳಿತಿರುತ್ತದೆ. ಆ ಪುಸ್ತಕದ ಹೆಸರು ನಮಗೆ ತಿಳಿಯುತ್ತದೆ, ಒಂದೆರಡು ಪ್ರಸಂಗಗಳೂ ತಿಳಿಯುತ್ತವೆ. ಅಷ್ಟರಲ್ಲೇ ಅದನ್ನು ಪೂರ್ತಿ ಓದಬೇಕೆಂಬ ಆಸೆ ಹುಟ್ಟುತ್ತದೆ. ಹುಡುಕಲು ಹೊರಟರೆ ಅಂಥ ಪುಸ್ತಕವೇ ಇಲ್ಲ!

ಜಪಾನಿನಲ್ಲಿ ಹೀಗೆ ಆಸೆಪಟ್ಟವರಿಗೆ ಒಮ್ಮೆ ಫಲ ಸಿಕ್ಕಿದ್ದುಂಟು. ಅಲ್ಲಿ ಮಾಂಗಾ ಎಂಬ ಚಿತ್ರಕಥೆಗಳು ಬಹು ಜನಪ್ರಿಯ. ‘ಗೆನ್‌ಶಿಕೆನ್’ ಎಂಬ ಮಾಂಗಾದಲ್ಲಿ ಬರುವ ಕಾಲೇಜು ಹುಡುಗರು ‘ಕುಜಿಬಿಕಿ ಅನ್‌ಬ್ಯಾಲೆನ್ಸ್’ ಎಂಬ ಇನ್ನೊಂದು ಮಾಂಗಾದ ಅಭಿಮಾನಿಗಳು. ಈ ಎರಡನೆಯದು ಕೇವಲ ಕಲ್ಪನೆ. ಆದರೆ ನಿಜವಾದ ಓದುಗರಿಗೂ ಅದರ ಮೇಲೆ ಮನಸ್ಸಾಯಿತು. ಕೊನೆಗೆ 2006ರಲ್ಲಿ ಅದು ಟಿ.ವಿ. ಸರಣಿಯಾಗಿಯೇ ಬಂತು.

ಇಂಥ ಪುಸ್ತಕದೊಳಗಿನ ಪುಸ್ತಕ ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲೇ ಇದರ ಎರಡು ಬಗೆಗಳು ಕಾಣಸಿಗುತ್ತವೆ. ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ತಲಕಾಡಿನತ್ತ ಹರಿಯುತ್ತಾಳೆ. ಈ ನೀರಿನ ಮೇಲ್ದಂಡೆಯ ಕೃತಿಯೊಂದು ಇಡಿಯಾಗಿ ಉಳಿದಿದೆ. ಕೆಳದಂಡೆಯ ಕೃತಿಯದು ಹೆಸರು ಮಾತ್ರ ಉಳಿದಿದೆ. ಒಂದು ಉಳಿದು ಇನ್ನೊಂದು ಏಕೆ ಅಳಿಯಿತು ಎಂಬ ಪ್ರಶ್ನೆ ಇಂದಿಗೂ ಯೋಚಿಸತಕ್ಕದ್ದು.

ಮೊದಲು ನಂಜನಗೂಡು ತಾಲ್ಲೂಕಿನ ಕಳಲೆಯ ಸಂಗತಿ. ಮೈಸೂರಿಗೆ ದಳವಾಯಿಗಳನ್ನು ಕೊಟ್ಟ ಮನೆತನದ ಊರು ಇದು. ಇಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂದರೆ 1734ರಿಂದ 1766ರ ನಡುವೆ, ರಾಜ್ಯದ ಸೂತ್ರ ಬಹುಕಾಲ ಈ ಮನೆತನದ ಕೈಯಲ್ಲಿತ್ತು. ಸರ್ವಾಧಿಕಾರಿಯಾಗಿದ್ದ ನಂಜರಾಜಯ್ಯ ಯುದ್ಧಗಳನ್ನು ನಡೆಸಿದವನು. ಜೊತೆಗೆ ಶಿವಭಕ್ತ ಮತ್ತು ಸ್ವತಃ ಗ್ರಂಥಕರ್ತ. ಅವನ ಆಶ್ರಯದಲ್ಲಿದ್ದ, ‘ಅಭಿನವ ಕಾಳಿದಾಸ’ ಎಂದು ಕರೆಸಿಕೊಂಡ ನೃಸಿಂಹಕವಿ ‘ನಂಜರಾಜ ಯಶೋಭೂಷಣ’ ಎಂಬ ಸಂಸ್ಕೃತ ಅಲಂಕಾರ ಗ್ರಂಥವನ್ನು ಬರೆದ.

ಕಾವ್ಯದ ಲಕ್ಷಣಗಳನ್ನು ಹೇಳುವ ಶಾಸ್ತ್ರಗ್ರಂಥವಿದು. ಲಕ್ಷಣ ಹೇಳಿದ ಮೇಲೆ ಉದಾಹರಣೆ ಕೊಡಬೇಕಷ್ಟೆ. ನಾಟಕದ ಪ್ರಕರಣ ಬಂದಾಗ ಕವಿ ಬೇರೆ ನಾಟಕಗಳಿಂದ ತುಣುಕುಗಳನ್ನು ಆರಿಸಲು ಹೋಗಲಿಲ್ಲ. ‘ಚಂದ್ರಕಲಾ ಕಲ್ಯಾಣ’ ಎಂಬ ಐದು ಅಂಕಗಳ ನಾಟಕವನ್ನೇ ಬರೆದು ಗ್ರಂಥದೊಳಗೆ ಇಟ್ಟುಬಿಟ್ಟ. ನಾಯಕ ಬೇರೆ ಯಾರೂ ಅಲ್ಲ, ಸ್ವತಃ ನಂಜರಾಜ. ನಾಯಕಿ ಕುಂತಲ ದೇಶದ ರಾಜಕುಮಾರಿ. ಹೀಗೆ ಮಾಡಿದವರಲ್ಲಿ ಅವನೇ ಮೊದಲಿಗನಲ್ಲ. ಓರುಗಲ್ಲಿನ ಕಾಕತೀಯ ಪ್ರತಾಪರುದ್ರನ ಆಸ್ಥಾನದ ವಿದ್ಯಾನಾಥ ಇದೇ ದಾರಿ ಹಾಕಿಕೊಟ್ಟಿದ್ದ.

ಹೈದರಾಲಿ ಮೇಲೇರಿದಂತೆ ನಂಜರಾಜನ ಅಧಿಕಾರ ಕಳಚಿಬಿತ್ತು. ಆದರೆ ಅವನು ಮದುವೆಯ ನಾಯಕನಾದ ನಾಟಕಕ್ಕೆ ಆ ಗತಿ ಬರಲಿಲ್ಲ. ಪಾಠ ಹೇಳುವವರಿಗೂ ಕಲಿಯುವವರಿಗೂ ಬೇಕಾದ ಶಾಸ್ತ್ರಗ್ರಂಥದ ಹೊಟ್ಟೆಯೊಳಗೆ ಅದು ಸುರಕ್ಷಿತವಾಗಿತ್ತು. 1930ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಆ ಗ್ರಂಥ ಅಚ್ಚಾಯಿತು. ನಾಟಕವೂ ಅದರೊಡನೆ ಅಚ್ಚಾಯಿತು. ಬೇಕೆಂದವರು ಇಂದೂ ತೆರೆದು ಓದಬಹುದು.

ಇನ್ನು ತಿ. ನರಸೀಪುರ ತಾಲ್ಲೂಕಿನ ತಲಕಾಡಿಗೆ ಬರೋಣ. ತಲಕಾಡೆಂದೊಡನೆ ಮರಳು, ಪಂಚಲಿಂಗ ದರ್ಶನ ನೆನಪಾಗುತ್ತವೆ. ಈ ಊರಿನ ಹೆಸರಿನಿಂದಲೇ ‘ತಲಕಾಡಿನ ಗಂಗರು’ ಎನಿಸಿಕೊಂಡ ದೊರೆಗಳಲ್ಲಿ ಇಮ್ಮಡಿ ಶಿವಮಾರ ಒಬ್ಬ. ಎಂಟನೆಯ ಶತಮಾನದ ಕೊನೆಯಲ್ಲಿ ಪಟ್ಟಕ್ಕೆ ಬಂದ ಈತನಿಗೆ ‘ಸೈಗೊಟ್ಟ’ ಎಂಬ ಬಿರುದಿತ್ತು. ರಾಷ್ಟ್ರಕೂಟರ ಕೈಗೆ ಸಿಕ್ಕಿ ಎರಡು ಬಾರಿ ಸೆರೆವಾಸ ಕಂಡ ನತದೃಷ್ಟ ಅರಸು. ಈತ ಕನ್ನಡದಲ್ಲಿ ‘ಗಜಾಷ್ಟಕ’ ಎಂಬ ಕೃತಿಯನ್ನು ರಚಿಸಿದ.

ಆ ಕೃತಿ ನಮಗೆ ಸಿಕ್ಕಿಲ್ಲ. ಅದರ ಸುದ್ದಿ ಸಿಗುವುದು ದೂರದ ಶಿವಮೊಗ್ಗ ಜಿಲ್ಲೆಯ ಹುಂಚದ ಶಾಸನವೊಂದರಲ್ಲಿ. ಹನ್ನೊಂದನೆಯ ಶತಮಾನದ ಆ ಶಾಸನ ಶಿವಮಾರನ ಕವಿತಾಶಕ್ತಿಯನ್ನು ಹೊಗಳುವ ರೀತಿ ವಿಶಿಷ್ಟವಾಗಿದೆ. ಪಂಡಿತರು ಮೆಚ್ಚಿದರೆಂದೋ ರಾಜಸಭೆ ತಲೆದೂಗಿತೆಂದೋ ಅದು ಹೇಳುವುದಿಲ್ಲ. ಗಜಾಷ್ಟಕವು ಓವನಿಗೆಯೂ ಒನಕೆವಾಡೂ ಆಗಿ ಹಬ್ಬಿತಲ್ಲ, ಅವನ ಹಿರಿಮೆಗೆ ಅದಕ್ಕಿಂತ ಬೇರೆ ಮಾತು ಬೇಕೆ ಎಂಬುದು ಅದರ ಇಂಗಿತ. ಒನಕೆವಾಡು ಎಂದರೆ ಹೆಂಗಸರು ಒರಳಿನಲ್ಲಿ ಕಾಳು ಕುಟ್ಟುವಾಗ ಹೇಳಿಕೊಳ್ಳುತ್ತಿದ್ದ ಹಾಡು. ಅರಸನೊಬ್ಬ ಆನೆಯ ಹೆಸರಿನಲ್ಲಿ ಕಟ್ಟಿದ ಪದ್ಯ ಕುಟ್ಟುವವರ ಬಾಯಿಗೆ ಹತ್ತಿತ್ತು! ಕವಿಯ ಕಾಲಕ್ಕೂ ಈ ಶಾಸನಕ್ಕೂ ಇನ್ನೂರು ವರ್ಷಕ್ಕೂ ಮೀರಿದ ಅಂತರವಿದೆ. ಅಷ್ಟು ಕಾಲ ಕಳೆದ ಮೇಲೂ ಕಲ್ಲಿನ ಮೇಲೆ ಬರೆಯಬೇಕೆನಿಸುವಷ್ಟು ಅದರ ಖ್ಯಾತಿ ಉಳಿದಿತ್ತು.

ಈಗ ಹೋಲಿಸಿ ನೋಡಿ. ಒಬ್ಬ ಅಧಿಕಾರಿಯ ಹೊಗಳಿಕೆಗೆಂದು ಬರೆದ ನಾಟಕ ಉಳಿಯಿತು. ಜನ ಪ್ರೀತಿಸಿ ಹಾಡಿದ ಪದ್ಯ ಹೋಯಿತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ತಾಳೆಗರಿ ಹುಳು ಹಿಡಿದು ಹಾಳಾಗುವ ವಸ್ತು. ಕೆಲವು ತಲೆಮಾರಿಗೊಮ್ಮೆ ಯಾರಾದರೂ ಪ್ರತಿ ಮಾಡಿಕೊಳ್ಳದಿದ್ದರೆ ಗ್ರಂಥ ಉಳಿಯುವುದಿಲ್ಲ. ಪಾಠಕ್ಕೆ ಬೇಕಾದದ್ದನ್ನು ಪ್ರತಿ ಮಾಡುತ್ತಾರೆ, ಮಠ ಮನೆತನಗಳಿಗೆ ಬೇಕಾದದ್ದನ್ನು ಪ್ರತಿ ಮಾಡುತ್ತಾರೆ. ಎಲ್ಲರ ಬಾಯಲ್ಲೂ ಇರುವ ಹಾಡನ್ನು ಬರೆದಿಡಬೇಕೆಂದು ಯಾರಿಗೆ ತೋರೀತು? ಹಾಡುವವರು ಇರುವವರೆಗೆ ಬರವಣಿಗೆಯ ಅಗತ್ಯ ಕಾಣುವುದಿಲ್ಲ. ಅಗತ್ಯ ಕಾಣುವ ಹೊತ್ತಿಗೆ ಹಾಡುವವರು ಇರುವುದಿಲ್ಲ.

ಕಳೆದುಹೋದ ಗ್ರಂಥಗಳ ಪಟ್ಟಿಯಲ್ಲಿ ಗಂಗರದೇ ಇನ್ನೂ ಕೆಲವು ಹೆಸರುಗಳಿವೆ. ಶಿವಮಾರನಿಗಿಂತ ಹಿಂದಿನ ದೊರೆ ದುರ್ವಿನೀತ ‘ವಡ್ಡಕಥೆ’ಯನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ವಡ್ಡಕಥೆ ಎಂದರೆ ಗುಣಾಢ್ಯನ ‘ಬೃಹತ್ಕಥೆ’. ಆ ಮೂಲವೂ ಇಲ್ಲ, ದುರ್ವಿನೀತನ ಅನುವಾದವೂ ಇಲ್ಲ. ಗುಣಾಢ್ಯನ ಕತೆ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬರುತ್ತದೆ. ಪೈಶಾಚಿ ಭಾಷೆಯಲ್ಲಿ, ತನ್ನ ರಕ್ತದಿಂದಲೇ ಏಳು ಲಕ್ಷ ಶ್ಲೋಕಗಳನ್ನು ಬರೆದ ಗ್ರಂಥವನ್ನು ಅರಸ ತಿರಸ್ಕರಿಸಿದಾಗ, ಅವನು ಕಾಡಿನಲ್ಲಿ ಮೃಗಪಕ್ಷಿಗಳಿಗೆ ಓದಿ ಹೇಳುತ್ತಾ ಒಂದೊಂದೇ ಎಲೆಯನ್ನು ಬೆಂಕಿಗೆ ಹಾಕಿದನಂತೆ. ಅರಸ ಎಚ್ಚೆತ್ತು ಬರುವ ವೇಳೆಗೆ ಉಳಿದದ್ದು ಒಂದು ಲಕ್ಷ. ಕಳೆದುಹೋದ ಪುಸ್ತಕದ ಬಗೆಗಿನ ಸಂಕಟವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕತೆ ಮತ್ತೊಂದು ಸಿಗಲಾರದು. ರನ್ನನೂ ತಾನು ‘ಪರಶುರಾಮ ಚರಿತ’ ಬರೆದುದಾಗಿ ‘ಅಜಿತಪುರಾಣ’ದಲ್ಲಿ ಹೇಳಿಕೊಂಡಿದ್ದಾನೆ. ಅವನಿಗೆ ಆಸರೆಯಾಗಿದ್ದವನು ಗಂಗರ ಮಂತ್ರಿ ಚಾವುಂಡರಾಯ. ಆ ಚರಿತವೂ ದೊರೆತಿಲ್ಲ.

ಹಾಗೆಂದು ಆಸೆ ಬಿಡಬೇಕಾಗಿಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ವೂ ಶತಮಾನಗಳ ಕಾಲ ಬೇರೆ ಗ್ರಂಥಗಳಲ್ಲಿನ ಉಲ್ಲೇಖಗಳ ಮೂಲಕವೇ ಹೆಚ್ಚಾಗಿ ತಿಳಿದಿತ್ತು. 1905ರಲ್ಲಿ ಅದರ ಓಲೆಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. 1909ರಲ್ಲಿ ಅದು ಅಚ್ಚಾಯಿತು. 1891ರಲ್ಲಿ ಆರಂಭವಾದ ಆ ಗ್ರಂಥಾಲಯವೇ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ನಂಜನಗೂಡಿನಿಂದ ಬಸ್ಸಿನಲ್ಲಿ ಹೊರಟರೆ ಒಂದು ಗಂಟೆಯ ಹಾದಿ.

ಜಪಾನಿನ ಅಭಿಮಾನಿಗಳ ಆಸೆಯನ್ನು ಚಿತ್ರ ಬರೆಯುವವರು ತೀರಿಸಬಹುದಿತ್ತು, ತೀರಿಸಿದರು. ಗಜಾಷ್ಟಕವನ್ನು ಇಂದು ಯಾರಾದರೂ ಹೊಸದಾಗಿ ಕಟ್ಟಿದರೆ ಅದು ಶಿವಮಾರನದಾಗುವುದಿಲ್ಲ. ಆದ್ದರಿಂದ ನಮಗೆ ಉಳಿದಿರುವುದು ಹುಡುಕುವ ಕೆಲಸ ಮತ್ತು ಕಾಪಾಡುವ ಕೆಲಸ. ಹಳೆಯ ಮನೆಗಳ ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ಓಲೆಕಟ್ಟು ಇದ್ದರೆ ಹೊಳೆಗೆ ಬಿಡುವ ಮೊದಲು ಬಲ್ಲವರಿಗೆ ತೋರಿಸಬೇಕು.

ಇದಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ಮಿಲ್ಲು ಬಂದ ಮೇಲೆ ಒನಕೆ ಮೂಲೆ ಸೇರಿತು. ಕುಟ್ಟುವ ಪದ, ಬೀಸುವ ಪದಗಳಿಗೆ ಕೆಲಸ ತಪ್ಪಿತು. ಕಪಿಲೆ ಕಾವೇರಿಗಳ ದಂಡೆಯ ಹಳ್ಳಿಗಳಲ್ಲಿ ಅವನ್ನು ಬಲ್ಲ ಅಜ್ಜಿಯರು ಇನ್ನೂ ಇರುವಾಗಲೇ ಮೊಮ್ಮಕ್ಕಳು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲಿ, ಧ್ವನಿ ಮುದ್ರಿಸಿಕೊಳ್ಳಲಿ. ಆ ಪದಗಳಲ್ಲಿ ಶಿವಮಾರನ ಆನೆ ಸಿಗಲಾರದು. ಆದರೆ ಮುಂದೊಂದು ದಿನ ಅವುಗಳ ಹೆಸರನ್ನಷ್ಟೇ ಓದಿ, ಹಾಡು ಹೇಗಿತ್ತೋ ಎಂದು ಕೊರಗುವ ಪಾಡು ನಮ್ಮ ಮಕ್ಕಳಿಗೆ ಬರುವುದಿಲ್ಲ.