ಅಡಕೊತ್ತು

ಮುನವಳ್ಳಿಯನ್ನು ಮನೋಳಿ ಎಂದೇ ಕರೆಯುವ ಮಲಪ್ರಭೆ ದಂಡೆಯ ಸೀಮೆಯಲ್ಲಿ ಹಿರಿಯರ ಚಂಚಿಯೊಳಗೆ ಎಲಿ, ತಂಬಾಕು, ಸುಣ್ಣದ ಡಬ್ಬಿಗಳ ಜೊತೆಗಿರುತ್ತಿದ್ದ, ಅಡಕೆ ಹೋಳು ಮಾಡುವ ಹತಾರ ಅಡಕೊತ್ತು. ಮಡಚುವ ಚಾಕುವೂ ಕಿಸೆ ಸೇರಿತು, ಆದರೆ ಚಾಕು ಎಂಬ ಹೆಸರು ಪಾರಸಿಯದು. ಅಡಕೊತ್ತನ್ನು ಬಿಡಿಸಿದರೆ ಅಡಕೆ, ಒತ್ತು ಎಂಬ ಎರಡು ಕನ್ನಡ ಪದಗಳೇ ಸಿಗುತ್ತವೆ.

ಅಡಕತ್ತರಿ ಎಂದರೂ ಇದೇ. ನನಗೇನೋ ಅಡಕೊತ್ತೇ ಹೆಚ್ಚು ಒಪ್ಪುವ ಹೆಸರು. ಕತ್ತರಿಗೆ ಎರಡು ಅಲಗು, ತಿರುಗುವ ಮೊಳೆ ನಡುವೆ. ಇದಕ್ಕೆ ಮೇಲೊಂದೇ ಅಲಗು, ಕೆಳಗೆ ಮೊಂಡು ಪಟ್ಟಿ, ಮೊಳೆ ತುದಿಯಲ್ಲಿ. ಅಡಕೆ ಮೊಳೆಯ ಪಕ್ಕದಲ್ಲೇ ಕೂರುವುದರಿಂದ ದೂರದ ಹಿಡಿಕೆಯನ್ನು ಹಗುರವಾಗಿ ಅದುಮಿದರೂ ಗಟ್ಟಿ ಗೋಟು ಕಟ್ಟೆಂದು ಹೋಳಾಗುತ್ತದೆ. ಇಲ್ಲಿ ನಡೆಯುವುದು ಒತ್ತುವ ಕೆಲಸವೇ. ಪತ್ರಿಕೆಗಳಲ್ಲಿ ಮಾತ್ರ ಗೆದ್ದದ್ದು ಅಡಕತ್ತರಿ: ಮಂತ್ರಿಗಳು, ರೈತರು ಎಲ್ಲರೂ ಅದರಲ್ಲೇ ಸಿಕ್ಕಿಕೊಳ್ಳುತ್ತಾರೆ.

ಮರಾಠಿಯ 'ಅಡಕಿತ್ತಾ' ಕನ್ನಡದಿಂದ ಹೋದದ್ದು. ಪುಣೆಯಲ್ಲಿ ದಿನಕರ ಕೇಳಕರ (1896–1990) ಕಟ್ಟಿದ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಇವುಗಳದೇ ಹೆಸರಾಂತ ಸಂಗ್ರಹವಿದೆ. ಕೂಡಿಡುವವರು ಹಿತ್ತಾಳೆಯ ಚಿತ್ತಾರಕ್ಕೆ ಮರುಳಾಗುವುದು ಸಹಜ. ಬಳಸಿದವರು ಮೊದಲು ನೋಡುವುದು ಮೊಳೆ ಸಡಿಲವೇ, ಅಲಗು ಪಟ್ಟಿಗೆ ಸರಿಯಾಗಿ ಕೂರುತ್ತದೆಯೇ ಎಂದು. ಸಾದಾ ಕಬ್ಬಿಣದ್ದಕ್ಕೂ, ಬಳಸಿ ಬಳಸಿ ಅಲಗು ಸವೆದು ಬಾಗಿದ್ದರೆ, ಕಪಾಟಿನಲ್ಲಿ ಜಾಗ ಕೊಡಬೇಕು.